ಸೀಸದ ಬೆರಳು

ಟ್ರಾಮ್ ಹೋಯಿತೇನೋ, ಮೇಜಿನ ಮೇಲಿನ ಗಾಜಿನ ತುಂಡುಗಳೆಲ್ಲ ಒಮ್ಮೆ ಕಿಣಿಕಿಣಿ ಅಂದು ಸುಮ್ಮನಾದವು, ಚಂದ್ರಿಕಾಳ ಕಣ್ಣು ಮಾತ್ರ ಕಲಿಸುವ ಹೆಲೆನಳ ಬೆರಳ ತುದಿಯ ಮೇಲಿದೆ — ಬೂದಿ ಬಣ್ಣ, ಸೀಸದ ಪಟ್ಟಿ ಹಿಡಿದೂ ಹಿಡಿದೂ ಬಂದದ್ದು, ಈಗ ತಾನೇ ನಗುನಗುತ್ತಾ ಹೇಳಿದಳಲ್ಲ, ಬಣ್ಣದ ಗಾಜಿನ ಕಿಟಕಿಯನ್ನು ಹಿಡಿದಿಡೋದೇ ಈ ಸೀಸ, ಹೊಟ್ಟೆಗೆ ಹೋದರೆ ವಿಷ, ತಿನ್ನೋಕೆ ಮುಂಚೆ ಕೈ ತೊಳೀರಿ, ಬಸುರಿಯರು ಯಾರಾದರೂ ಇದ್ದರೆ ಈಗಲೇ ಹೇಳಿಬಿಡಿ — ಯಾರೂ ಕೈಯೆತ್ತಲಿಲ್ಲ, ಚಂದ್ರಿಕಾಳೂ ಎತ್ತಲಿಲ್ಲ, ಹೇಗೆ ಎತ್ತುತ್ತಾಳೆ ಪುಣ್ಯಾತ್ಗಿತ್ತಿ, ಪಕ್ಕದಲ್ಲೇ ಜಲಜಕ್ಕ ಕೂತಿದ್ದಾರೆ, ಶೆಫೀಲ್ಡಿನ ಕನ್ನಡದವರಿಗೆಲ್ಲ ಅಕ್ಕ, ಬಂಗಾರದಂಥ ಮನಸ್ಸು, ಬಾಯಿಗೆ ಮಾತ್ರ ಬೀಗವಿಲ್ಲ. ಹೋದ ಸಲ ಸ್ಕ್ಯಾನಿಗೂ ಮುಂಚೆ ದೀಪಾವಳಿ ಊಟದಲ್ಲಿ ಊರಿಗೆಲ್ಲ ಡಂಗುರ ಸಾರಿದರು, ಆಮೇಲೆ ಗರ್ಭ ನಿಲ್ಲಲಿಲ್ಲ, ಅದೇ ಜನ ಒಬ್ಬೊಬ್ಬರಾಗಿ ಫೋನು, ಅಯ್ಯೋ ಪಾಪ, ಅದಕ್ಕೂ ಹಿಂದಿನದೂ ಹೀಗೇ ಆಯ್ತಲ್ವಾ — ಸಾಕಪ್ಪಾ ಸಾಕು, ಈ ಸಲ ಗಂಡನಿಗೆ ಬಿಟ್ಟರೆ ಗಾಳಿಗೂ ಗೊತ್ತಿಲ್ಲ, ಇನ್ನೊಂದು ತಿಂಗಳು ಬಾಯಿ ಹೊಲಿದುಕೊಂಡಿದ್ದರೆ ಆಯಿತು. ಈ ಕ್ಲಾಸಿಗೆ ಹೆಸರು ಬರೆಸಿದ್ದೂ ಜಲಜಕ್ಕನೇ, ಗಾಜು ಅಂದರೆ ಗಾಜು ಅಂದುಕೊಂಡು ಬಂದಳು, ಸೀಸದ ನೆನಪೇ ಆಗಲಿಲ್ಲ, ಜಿಪಿ ಡಾಕ್ಟರಂತೆ ಜಿಪಿ, ದಿನವೆಲ್ಲ ಬೇರೆಯವರಿಗೆ ಬುದ್ಧಿ ಹೇಳುತ್ತಾಳೆ, ಇಲ್ಲಿ ಒಂದು ಕೈ ಎತ್ತಲಾರಳು.

ಹೊಸಬರು ಇದರಲ್ಲಿ ಒಂದು ಆರಿಸಿಕೊಳ್ಳಿ, ಅನ್ನುತ್ತಾಳೆ ಹೆಲೆನ್ — ಗಿಳಿ, ಎಲೆ, ಇಲ್ಲವೇ ಅಂಟು ಹಾಕಿ ಮಾಡುವ, ಲೋಟದಡಿ ಇಡುವ ಕೋಸ್ಟರ್, ಅದು ಮಕ್ಕಳಿಗೆ, ಸೀಸ ಬೇಡ — ಬೇಡ ಅಂದದ್ದೇ ಚಂದ್ರಿಕಾಳ ಕೈ ಆ ಕಡೆ ಹೋಯಿತು, ಅಯ್ಯೋ ಅದು ಚಿಕ್ಕಮಕ್ಕಳದ್ದು ಕಣೇ, ಡಾಕ್ಟರಾಗಿ ಇದೇನು ನಿಂದು, ಇಬ್ಬರೂ ಗಿಳಿ ಮಾಡೋಣ, ನೋಡಿಲ್ಲಿ, ಅನ್ನುತ್ತಾ ಜಲಜಕ್ಕ ಆಗಲೇ ಸೀಸದ ಪಟ್ಟಿ ಬಗ್ಗಿಸುತ್ತಿದ್ದಾರೆ, ಕೋಡುಬಳೆ ಹೊಸೆದ ಹಾಗೇ ಇದೆ — ಎಲೆ ಅನ್ನಲಾ, ಎಲೆಗೂ ಸೀಸ, ಗ್ಲೌಸ್ ಕೇಳಲಾ, ಕೇಳಿದರೂ ಯಾಕೆ ಅನ್ನುತ್ತಾರೆ, ಮುಟ್ಟಿದರೆ ಅಷ್ಟೇನೂ ಇಲ್ಲ, ಬಾಯಿಗೆ ಹೋಗಬಾರದು ಅಷ್ಟೆ, ಗೊತ್ತು, ಓದಿದ್ದಾಳೆ, ಆ ಓದು ಹಿಂದಿನ ಎರಡು ಸಲವೂ ಇತ್ತಲ್ಲ, ಏನು ಉಳಿಸಿತು — ಗಿಳಿಯೇ ಆಗಲಿ ಅಕ್ಕ, ಅಂದೇಬಿಟ್ಟಳು, ಪಟ್ಟಿಯನ್ನು ಉಗುರ ತುದಿಯಲ್ಲಷ್ಟೇ ಹಿಡಿದಳು. ಮುಖ ಯಾಕೆ ಹಾಗೆ ಬಾಡಿದೆ, ತಿಂಡಿ ತಿಂದಿಲ್ವಾ, ಜಲಜಕ್ಕನ ಡಬ್ಬಿಯ ಮುಚ್ಚಳ ತೆರೆಯಿತು, ಬೆಳಿಗ್ಗೆ ನಿನಗೇ ಅಂತ ಕರಿದೆ, ಆ ಮಾಡು — ಕೆಂಪಗೆ ಕೋಡುಬಳೆ ಬಾಯಿಯವರೆಗೂ ಬಂತು, ಹಿಡಿದ ಬೆರಳು ಬೂದಿ ಬಣ್ಣ, ಬೇಡ ಅಕ್ಕ, ಒಂದೇ ಒಂದು ಕಣೇ, ಮೊದಲು ಕೈ — ಮಾತು ಮುಗಿಯುವ ಮೊದಲೇ ಅವರ ಕೈಯನ್ನು ತಳ್ಳಿಬಿಟ್ಟಳು, ಜೋರಾಗಿ, ಇನ್ನೊಂದು ಕೈ ತಾನಾಗಿ ಹೊಟ್ಟೆಯ ಮೇಲೆ ಹೋಗಿ ಕೂತಿದೆ, ಜಲಜಕ್ಕ ಆ ಕೈ ನೋಡಿದರು, ಅವಳ ಮುಖ ನೋಡಿದರು, ಎಂದೂ ಮುಚ್ಚದ ಬಾಯಿ ಮುಚ್ಚಿತು, ಅವರ ಕಣ್ಣು ತುಂಬಿತು, ಅಕ್ಕಾ ಯಾರಿಗೂ ಹೇಳಬೇಡಿ ಅನ್ನಬೇಕು, ಹೇಳ್ತಾರಾ, ಹೇಳಲ್ವಾ, ಹೇಳ್ತಾರಾ, ಅವರ ಕೈ ಇನ್ನೂ ಕೆಳಗಿಳಿದಿಲ್ಲ, ಇಬ್ಬರ ನಡುವೆ ಕೋಡುಬಳೆ, ಅದನ್ನು ಹಿಡಿದ ಬೂದಿ ಬೆರಳು, ಬೂದಿ ಬೆರಳು