ಆಂಬ್ರೋಸ್ ಕುರ್ಚಿ ಬಿಟ್ಟುಕೊಟ್ಟ ಸಂಜೆ

ನನ್ನ ತಮ್ಮ ಆಂಬ್ರೋಸ್ ಥ್ರೆಲ್ಕೆಲ್ಡನಂಥ ಸಜ್ಜನ ಇಡೀ ಕೆಂಟಕಿಯಲ್ಲಿ ಇಲ್ಲವೆಂದು ಜನ ಹೊಗಳುವಾಗೆಲ್ಲ ನನಗೆ ಮೈ ಉರಿಯುತ್ತಿತ್ತು. ಹೇಳುವವರಿಗೇನು, ಅವನ ಸಜ್ಜನಿಕೆಯನ್ನು ಅವರು ವರ್ಷಕ್ಕೊಮ್ಮೆ ಚುನಾವಣೆಯಲ್ಲಿ ನೋಡಿ ಮನೆಗೆ ಹೋಗುತ್ತಾರೆ. ನಾನು ಅದರ ಜೊತೆ ಒಂದೇ ಸೂರಿನಡಿ ಬಾಳಬೇಕಿತ್ತು.

ನಮ್ಮ ಕೌಂಟಿಯಿಂದ ರಾಜಧಾನಿ ಫ್ರಾಂಕ್‌ಫರ್ಟ್‌ನ ಶಾಸನಸಭೆಗೆ ಅವನು ಆರಿಸಿ ಹೋದ ಮೊದಲ ವರ್ಷ, ತೋಳ ಕೊಂದವರಿಗೆ ಬಹುಮಾನ ಕೊಡಿಸುವ ಮಸೂದೆ ಹಿಡಿದು ಹೊರಟ. ಪಕ್ಕದ ಕೌಂಟಿಯ ಮುದುಕರೊಬ್ಬರೂ ಅಂಥದ್ದನ್ನೇ ತಂದಿದ್ದರಂತೆ. ಹಿರಿಯರ ಮುಂದೆ ನಾನು ಯಾವ ದೊಡ್ಡವನು ಎಂದು ಇವನು ತನ್ನದನ್ನು ಜೇಬಿಗಿಳಿಸಿ ಕುಳಿತ. ಬಹುಮಾನ ಅವರ ಕೌಂಟಿಗೆ ಹೋಯಿತು, ತೋಳಗಳು ನಮಗೆ ಉಳಿದವು. ಮರುವರ್ಷ ದೋಣಿಕಟ್ಟೆ ಕಟ್ಟಿಸುವ ಮಸೂದೆಯ ಕಥೆಯೂ ಇದೇ. ಆದರೂ ಜನ ಅವನನ್ನೇ ಆರಿಸಿದರು, ಯಾಕೆಂದರೆ ಕೈ ಕುಲುಕುವಾಗ ಎಲ್ಲರ ಮಕ್ಕಳ ಹೆಸರೂ ಅವನ ನೆನಪಿನಲ್ಲಿರುತ್ತಿತ್ತು.

ತೋಳ, ದೋಣಿ ಎಲ್ಲ ಹಾಳಾಗಲಿ. ನನ್ನ ವಿಷಯ ಬೇರೆ. ಗಂಡನಿಂದ ಬಿಡುಗಡೆ ಬೇಕಾದ ಹೆಂಗಸಿಗೆ ನಮ್ಮಲ್ಲಿ ನ್ಯಾಯಾಲಯ ಏನೂ ಮಾಡಲಾರದು. ಅವಳ ಹೆಸರಿನಲ್ಲೇ ಶಾಸನಸಭೆ ಒಂದು ಕಾಯಿದೆ ಮಾಡಬೇಕು. ನನ್ನ ಗಂಡ ಎಲ್ಕಾನಾ ಡಾಡ್ ಸರಕಿನ ದೋಣಿಯಲ್ಲಿ ನದಿಗುಂಟ ದೂರದ ರೇವುಪಟ್ಟಣ ನ್ಯಾಚೆಜ್‌ಗೆ ಇಳಿದುಹೋದವನು ಅಲ್ಲೇ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ. ನಡುವೆ ಒಮ್ಮೆ ಬಂದು ನನ್ನ ಮಗ್ಗವನ್ನು ಮಾರಿಕೊಂಡು ಹೋದ. ಹೆಂಡತಿಯದೆಲ್ಲ ಗಂಡನದೇ ಎಂದು ಕೌಂಟಿಯ ಕಾನೂನು ನೋಡಿಕೊಳ್ಳುವ ಷರೀಫರು ಮುಖ ತಗ್ಗಿಸಿ ಹೇಳಿದರು. ಈಗ ಅವನು ಇನ್ನೊಂದು ಸುದ್ದಿ ಕಳಿಸಿದ್ದ: ಬರುವ ವಸಂತದಲ್ಲಿ ಬರುತ್ತೇನೆ, ಫೀಬಿಯನ್ನು ಸಿದ್ಧ ಮಾಡಿಡು, ಇಲ್ಲಿ ಮನೆಗೆಲಸಕ್ಕೆ ಒಂದು ಹುಡುಗಿ ಬೇಕು. ಫೀಬಿ ನಮ್ಮ ಮಗಳು, ಇನ್ನೂ ಒಂಬತ್ತರ ಕೂಸು. ಮಗುವೂ ಮಗ್ಗದ ಹಾಗೆಯೇ ಗಂಡನದಂತೆ.

ನನ್ನ ಅರ್ಜಿಯನ್ನು ಆಂಬ್ರೋಸ್ ಅಷ್ಟರಲ್ಲಾಗಲೇ ಎರಡು ಸಲ ಫ್ರಾಂಕ್‌ಫರ್ಟ್‌ಗೆ ಹೊತ್ತೊಯ್ದಿದ್ದ. ಮೊದಲ ಸಲ, ಬೇರೆ ಯಾರೋ ಹೆಂಗಸಿನ ಅರ್ಜಿ ಮುಂದಿತ್ತು, ನುಗ್ಗುವುದು ಚೆನ್ನಲ್ಲ ಎಂದು ವಾಪಸು ತಂದ. ಎರಡನೇ ಸಲ ಸಭೆಯಲ್ಲಿದ್ದ ಎಲ್ಕಾನಾನ ಚಿಕ್ಕಪ್ಪ ಎದ್ದು, ಊರಲ್ಲಿಲ್ಲದ ಗಂಡನ ಬೆನ್ನ ಹಿಂದೆ ತೀರ್ಮಾನ ಮಾಡುವುದು ಸರಿಯೇ, ಮುಂದಿನ ವರ್ಷ ನೋಡೋಣ ಎಂದನಂತೆ. ಅದಕ್ಕೆ ನನ್ನ ತಮ್ಮ ಬಗ್ಗಿ ವಂದಿಸಿ, ಮಾನ್ಯರ ಮಾತಿನಲ್ಲಿ ನ್ಯಾಯವಿದೆ ಎಂದನಂತೆ. ಇದನ್ನು ಅವನೇ ನನ್ನ ಅಡುಗೆಮನೆಯಲ್ಲಿ ಕೂತು ಹೇಳಿದ. ಅವತ್ತು ನಾನು ಸೌಟನ್ನು ಕುಕ್ಕಿದ ರಭಸಕ್ಕೆ ಸಾರೆಲ್ಲ ಒಲೆಗೆ ಚೆಲ್ಲಿತು.

ಹಾಗಾಗಿ ಆ ಆಗಸ್ಟ್‌ನ ಚುನಾವಣೆ ನನಗೆ ಸಾವುಬದುಕಿನ ಮಾತಾಗಿತ್ತು. ಎದುರಾಳಿ ಮೇಜರ್ ಬರ್ವೆಲ್ ಸ್ಟ್ಯಾಪ್, ಮಹಾ ಒರಟ. ಪಾದ್ರಿಗಳ ಪ್ರವಚನದ ನಡುವೆಯೇ ಎದ್ದು ವಾದ ಹೂಡುವ ಆಸಾಮಿ. ಅವನು ಗೆದ್ದರೆ ನನ್ನ ಅರ್ಜಿಯನ್ನು ಯಾರು ಕೇಳುತ್ತಾರೆ? ಮೂರು ದಿನವೂ ನಾನು ಕೋರ್ಟಿನ ಅಂಗಳದಲ್ಲಿ ನಿಂತು ಮತ ಹಾಕಲು ಬಂದವರಿಗೆಲ್ಲ ಶುಂಠಿ ಕೇಕ್ ಹಂಚಿದೆ. ಹೆಂಗಸರಿಗೆ ಅಲ್ಲಿ ಅಷ್ಟೇ ಕೆಲಸ.

ನಮ್ಮ ಮತದಾನವೆಲ್ಲ ಬಾಯಲ್ಲೇ. ಅಭ್ಯರ್ಥಿಗಳಿಬ್ಬರೂ ಮೇಜಿನ ಹಿಂದೆ ಕೂತಿರುತ್ತಾರೆ, ಬಂದವನು ತನಗೆ ಬೇಕಾದವನ ಹೆಸರನ್ನು ಗಟ್ಟಿಯಾಗಿ ಹೇಳುತ್ತಾನೆ, ಹೆಸರಾದವನು ಎದ್ದು ಬಗ್ಗಿ ಉಪಕಾರ ಸ್ಮರಿಸುತ್ತಾನೆ. ಇನ್ನೂ ಒಂದು ಪದ್ಧತಿಯಿದೆ. ತನ್ನ ಮತ ತನಗೇ ಹಾಕಿಕೊಂಡರೆ ಮರ್ಯಾದೆಗೇಡು, ಅದು ಎದುರಾಳಿಗೇ ಹೋಗಬೇಕು. ಇಬ್ಬರೂ ಹಾಗೆ ಮಾಡಿದರೆ ಲೆಕ್ಕ ಸರಿಹೋಗುತ್ತದೆ ಅನ್ನಿ. ಆಂಬ್ರೋಸ್ ಮೊದಲ ದಿನ ಬೆಳಿಗ್ಗೆಯೇ, ಬೇರೆ ಯಾರೂ ಬಾಯಿ ತೆರೆಯುವ ಮೊದಲೇ ಎದ್ದು, ಮೇಜರ್ ಸ್ಟ್ಯಾಪ್ ಎಂದು ಕೂಗಿ ಕುಳಿತ. ಸ್ಟ್ಯಾಪ್ ಮಾತ್ರ ಆಮೇಲೆ ಆಮೇಲೆ ಎಂದು ಮೂರನೇ ಸಂಜೆಯವರೆಗೂ ತಳ್ಳಿದ.

ಮೂರನೇ ಸಂಜೆ ಹೊತ್ತಿಳಿಯುವಾಗ ಸ್ಟ್ಯಾಪ್ ಒಂದೇ ಮತದಿಂದ ಮುಂದಿದ್ದ, ಅದೂ ನನ್ನ ತಮ್ಮನ ಮತದಿಂದ. ನನಗೆ ತಡೆಯಲಾಗಲಿಲ್ಲ. ಬುಟ್ಟಿ ಹಿಡಿದುಕೊಂಡೇ ಮೇಜಿನ ಮುಂದೆ ಹೋಗಿ ನಿಂತೆ.

"ಮೇಜರ್ ಸಾಹೇಬ್ರೆ, ನನ್ ತಮ್ಮನ ಮತ ತಿಂದು ಮೂರು ದಿನ ಆಯ್ತು. ನಿಮ್ಮದು ಯಾವಾಗ?"

ಗಂಡಸರೆಲ್ಲ ನಕ್ಕರು. ಸ್ಟ್ಯಾಪ್‌ನ ಮುಖ ಕೆಂಪೇರಿತು. ಗೊಣಗಿಕೊಂಡೇ ಎದ್ದು ಆಂಬ್ರೋಸ್‌ನ ಹೆಸರು ಹೇಳಿದ. ಈಗ ಸಮಸಮ. ಸಮವಾದರೆ ಷರೀಫರದೇ ಕಡೆಯ ಮತ, ಅವರು ಯಾರ ಕಡೆ ಎಂಬುದು ಊರಿಗೇ ಗೊತ್ತಿತ್ತು. ಮೂರು ದಿನದಲ್ಲಿ ಅದೇ ಮೊದಲ ಸಲ ನಾನು ನೆಮ್ಮದಿಯಾಗಿ ಉಸಿರುಬಿಟ್ಟೆ.

ಷರೀಫರು ಬಾಯಿ ತೆರೆಯುವಷ್ಟರಲ್ಲಿ ಆಂಬ್ರೋಸ್ ಕೈಯೆತ್ತಿದ. ಸ್ಟ್ಯಾಪ್‌ನತ್ತ ಬಾಗಿ ಕಿವಿಯಲ್ಲಿ ಏನೋ ಪಿಸುಗುಟ್ಟಿದ. ಸ್ಟ್ಯಾಪ್ ಅವನನ್ನು ಒಂದು ಗಳಿಗೆ ದಿಟ್ಟಿಸಿ, ಕೈ ಚಾಚಿ ಕುಲುಕಿದ. ಆಮೇಲೆ ನನ್ನ ತಮ್ಮ ಎಲ್ಲರಿಗೂ ಕೇಳುವಂತೆ, ತಾನು ಹಿಂದೆ ಸರಿಯುತ್ತಿದ್ದೇನೆ, ಮೇಜರೇ ಫ್ರಾಂಕ್‌ಫರ್ಟ್‌ಗೆ ಹೋಗಲಿ ಎಂದ. ಜನ ಟೋಪಿ ಎಸೆದು ಜೈ ಎಂದರು. ಎಂಥ ದೊಡ್ಡ ಮನಸ್ಸು ಎಂದರು. ನನಗೋ, ಫೀಬಿ ಕೈಬಿಟ್ಟು ಹೋದಳು ಎಂದೇ ಅನಿಸಿತು.

ಗಾಡಿ ಹತ್ತಿದ್ದೇ ತಡ ಶುರುಮಾಡಿದೆ. ಕೋರ್ಟಿನಿಂದ ಹಳ್ಳದವರೆಗೂ ಬಾಯಿ ಮುಚ್ಚಲಿಲ್ಲ. ಹೇಡಿ ಎಂದೆ, ಹೊಗಳಿಕೆಗೆ ಹುಟ್ಟಿದವನು ಎಂದೆ, ಸೋದರಸೊಸೆಯನ್ನು ನ್ಯಾಚೆಜ್‌ಗೆ ನೀನೇ ದೋಣಿ ಹತ್ತಿಸಿ ಬಾ, ಅಲ್ಲೂ ಬಗ್ಗಿ ವಂದಿಸು ಎಂದೆ. ಅವನು ಲಗಾಮು ಹಿಡಿದು ಸುಮ್ಮನೆ ಕೇಳುತ್ತಿದ್ದ. ಹಳ್ಳ ದಾಟುವಾಗ ನಾನು ಉಸಿರಿಗಾಗಿ ನಿಲ್ಲಿಸಿದೆ.

"ಮುಗೀತಾ ಅಕ್ಕ?"

"ಮುಗಿದಿಲ್ಲ. ಏನು?"

"ಸ್ಟ್ಯಾಪ್ ಕಿವೀಲಿ ನಾನು ಹೇಳಿದ್ದು ನಿನ್ ಅರ್ಜಿ ವಿಷಯ. ಕುರ್ಚಿ ತಗೊಳ್ಳಿ, ಜೊತೆಗೆ ನಮ್ಮಕ್ಕನ ಅರ್ಜೀನೂ ತಗೊಂಡು ಹೋಗಿ ಅಂದೆ. ಆಗ್ಲಿ ಅಂತ ಕೈ ಕೊಟ್ಟ."

ನಾನು ಅವನತ್ತ ತಿರುಗಿದೆ. ಅವನು ಕುದುರೆಯ ಕಿವಿ ನೋಡುತ್ತಲೇ ಹೇಳಿದ: "ಎರಡು ಸಲ ನೋಡಿದ್ನಲ್ಲಕ್ಕ. ಎದುರಿಗೆ ಯಾರಾದ್ರೂ ಎದ್ದು ನಿಂತ್ರೆ ನಾನು ಕೂತುಬಿಡ್ತೀನಿ. ಏನ್ ಮಾಡಿದ್ರೂ ಆಗಲ್ಲ. ಆ ಮನುಷ್ಯ ಕೂರೋನಲ್ಲ. ಈ ಸಲಾನೂ ನಾನೇ ಹೋದ್ರೆ ಫೀಬಿ ನಮ್ಮ ಹತ್ರ ಉಳಿಯಲ್ಲ."

"ಅದನ್ನ ಕೋರ್ಟ್ ಹತ್ರಾನೇ ಹೇಳೋಕೆ ನಿಂಗೇನು ಬಂದಿತ್ತೋ?"

"ನೀನು ಮಾತಾಡ್ತಿದ್ದೆ. ನಡುವೆ ಬಾಯಿ ಹಾಕೋದು ಚೆನ್ನಾಗಿರಲ್ಲ ಅಂತ."

ಅವನನ್ನು ಹಳ್ಳಕ್ಕೆ ನೂಕಬೇಕೆನಿಸಿತು. ಅವನಿಗೆ ಮದುವೆಯಿಲ್ಲ, ಮಕ್ಕಳಿಲ್ಲ. ಬದುಕಿನಲ್ಲಿ ಅವನು ಬಾಯಿಬಿಟ್ಟು ಆಸೆಪಟ್ಟದ್ದು ಫ್ರಾಂಕ್‌ಫರ್ಟ್‌ನ ಆ ಕುರ್ಚಿಯೊಂದನ್ನೇ. ಅದು ನನಗೆ ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಸಿಟ್ಟು ಇನ್ನಷ್ಟು ಬಂತು.

ಚಳಿಗಾಲದಲ್ಲಿ ಸಭೆ ಸೇರಿತು. ಎಲ್ಕಾನಾನ ಚಿಕ್ಕಪ್ಪ ಮತ್ತೆ ಮುಂದಿನ ವರ್ಷದ ರಾಗ ತೆಗೆದನಂತೆ. ಸ್ಟ್ಯಾಪ್ ಅವನ ಮಾತನ್ನು ಅರ್ಧಕ್ಕೇ ಕತ್ತರಿಸಿ, ನ್ಯಾಚೆಜ್‌ನ ಎರಡನೇ ಸಂಸಾರದ ಕಥೆಯನ್ನು ತುಂಬಿದ ಸಭೆಯಲ್ಲಿ ಬಿಚ್ಚಿಟ್ಟನಂತೆ. ಅಧ್ಯಕ್ಷರು ಸುತ್ತಿಗೆ ಬಡಿದು ಸುಸ್ತಾದರೂ ಅವನು ಕೂರಲಿಲ್ಲ. ಕಾಯಿದೆ ಪಾಸಾಯಿತು. ನಾನೂ ಬಿಡುಗಡೆಯಾದೆ, ಮಗಳೂ ನನ್ನ ವಶಕ್ಕೇ ಬಂದಳು. ಮೇಜರನೇ ಬಂದು ಅದರ ಪ್ರತಿಯನ್ನು ಕೊಟ್ಟುಹೋದ. ಆಂಬ್ರೋಸ್ ಗಟ್ಟಿಯಾಗಿ ಓದತೊಡಗಿದವನು ಫೀಬಿಯ ಹೆಸರು ಬಂದ ಸಾಲನ್ನು ಎರಡೆರಡು ಸಲ ಓದಿದ.

ಅವನಿಗೆ ನಾಲ್ಕು ಒಳ್ಳೆಯ ಮಾತು ಹೇಳಬೇಕೆಂದುಕೊಂಡೆ. ಬಾಯಿಗೆ ಬಂದದ್ದು ಬೇರೆಯೇ. "ಬರೋ ಆಗಸ್ಟ್‌ಗೆ ನಿಲ್ಲು. ಕೇಕ್ ನಾನೇ ಮಾಡ್ತೀನಿ."

"ಸ್ಟ್ಯಾಪ್‌ಗೆ ಎದುರಾಗಿಯಾ? ಇಷ್ಟು ಉಪಕಾರ ಮಾಡಿದ ಮೇಲೆ ಅದು ಚೆನ್ನಾಗಿರಲ್ಲಕ್ಕ. ಇನ್ನು ನಾನು ನಿಲ್ಲಲ್ಲ."

ನಾನು ಫೀಬಿಯನ್ನು ತಬ್ಬಿಕೊಂಡು ಅಳತೊಡಗಿದೆ. ಹೆಂಗಸು ಅಳುವುದನ್ನು ನೋಡುತ್ತ ನಿಲ್ಲುವುದು ಸಭ್ಯತೆಯಲ್ಲವೆಂದು ಅವನು ಸದ್ದಿಲ್ಲದೆ ಬಾಗಿಲು ತೆರೆದು ಅಂಗಳಕ್ಕಿಳಿದ. ಹೊರಗೆ ಹಿಮ ಸುರಿಯುತ್ತಿತ್ತು, ಮೈಮೇಲೆ ಕೋಟೂ ಇರಲಿಲ್ಲ. ಕಣ್ಣೊರೆಸಿಕೊಂಡು, ಒಳಗೆ ಬಂದು ಸಾಯೋ ಎಂದು ಬೈದು, ಕೈಹಿಡಿದು ಎಳೆದುಕೊಂಡು ಬಂದೆ.