ಮಾರ್ಚ್ ಹದಿನಾಲ್ಕರ ಕಾಗದ

ಬಸ್ ನಿಲ್ದಾಣದ ಗೋಡೆಯನ್ನು ಡೋಬ್ರಿನಾ ಮತ್ತೊಮ್ಮೆ ಅಂಗೈಯಿಂದ ಸವರಿ ನೋಡಿದಳು. ಅಲ್ಲಿದ್ದದ್ದು ನಿನ್ನೆ ಅಂಟಿಸಿದ ಪೆಂಕೋನ ಸಾವಿನ ಸುದ್ದಿಯ ಕಾಗದ ಒಂದೇ. ಫೋಟೋದಲ್ಲಿ ಟೋಪಿ ಹಾಕಿಕೊಂಡು ದೊಡ್ಡ ಮನುಷ್ಯನ ಹಾಗೆ ನೋಡುತ್ತಿದ್ದ. ಇವತ್ತು ಮಾರ್ಚ್ ಹದಿನಾಲ್ಕು, ಆದರೂ ಪಕ್ಕದ ಜಾಗ ಖಾಲಿ.

"ಸಿಕ್ಕಿಬಿದ್ದೆ ಕಣೋ," ಎಂದಳು ಫೋಟೋಗೆ.

ಹಳೆಯ ಕಮ್ಯುನಿಸ್ಟ್ ಸರ್ಕಾರ ಬಿದ್ದಾಗಿನಿಂದ ಹತ್ತೊಂಬತ್ತು ವರ್ಷ, ಪ್ರತಿ ಮಾರ್ಚ್ ಹದಿನಾಲ್ಕರಂದು ಬೆಳಗಾಗುವಷ್ಟರಲ್ಲಿ ಇಲ್ಲಿ ಅವಳ ಅಣ್ಣ ಲಜಾರನ ನೆನಪಿನ ಕಾಗದ ಅಂಟಿರುತ್ತಿತ್ತು. ಶಾಲೆಯ ಗುಂಪು ಫೋಟೋದಿಂದ ಕತ್ತರಿಸಿದ ಮುಖ, ಕೆಳಗೆ ಟೈಪ್ ಮಾಡಿದ ಹೆಸರು. ಅಂಟಿಸಿದವರು ಯಾರೆಂದು ಇರುತ್ತಿರಲಿಲ್ಲ. ಓರೆಹೋವ್ ದೋಲ್ ಹಳ್ಳಿಯಲ್ಲಿ ಟೈಪ್‌ರೈಟರ್ ಇದ್ದದ್ದು ಊರ ಕಚೇರಿಯಲ್ಲಿ ಮಾತ್ರ, ಅಲ್ಲಿನ ಗುಮಾಸ್ತ ಪೆಂಕೋ. ಲಜಾರನನ್ನು ಹಿಡಿದುಕೊಟ್ಟವರಿಗಲ್ಲದೆ ಇನ್ಯಾರಿಗೆ ಆ ತಾರೀಖು ಇಷ್ಟು ಚುಚ್ಚುತ್ತದೆ? ಹತ್ತೊಂಬತ್ತು ವರ್ಷ ಅವಳು ಪೆಂಕೋನ ಜೊತೆ ಮಾತು ಬಿಟ್ಟಿದ್ದಳು. ಎಂಟು ಜನರ ಊರಿನಲ್ಲಿ ಅದೇನೂ ಸಣ್ಣ ಕೆಲಸವಲ್ಲ.

ಈಗ ಅವನು ಸತ್ತ, ಕಾಗದ ನಿಂತಿತು. ಇನ್ನೇನು ಸಾಕ್ಷಿ ಬೇಕು?

*

ಸಾವಿರದ ಒಂಬೈನೂರ ಐವತ್ತೊಂದು. ಊರಲ್ಲಿ ಆಗ ಆರುನೂರ ನಲವತ್ತು ಜನ. ಹೊಲವನ್ನು ಸಾಮೂಹಿಕ ಬೇಸಾಯಕ್ಕೆ ಬರೆದುಕೊಡುವುದಿಲ್ಲ ಎಂದ ಲಜಾರ್ ಹಿಟ್ಟಿನ ಗಿರಣಿಯ ಅಟ್ಟದಲ್ಲಿ ಅಡಗಿದ್ದ. ಗೆಳತಿ ವೇಲಿಕಾ ಅವನಿಗೆಂದೇ ಸುಟ್ಟುಕೊಟ್ಟ ಬ್ರೆಡ್ಡನ್ನು ಶಾಲಿನಡಿ ಮುಚ್ಚಿಕೊಂಡು ಡೋಬ್ರಿನಾ ಅಲ್ಲಿಗೆ ಹೊರಟಿದ್ದಳು. ಪೆಂಕೋ ಎದುರಾದ.

"ಬ್ರೆಡ್ ವಾಸನೆ ಘಮ್ಮಂತಿದೆ. ಎಲ್ಲಿಗೆ ಸವಾರಿ?"

"ನಿನ್ ಕೆಲಸ ನೀನ್ ನೋಡ್ಕೊ."

ಮರುದಿನ ಬೆಳಿಗ್ಗೆ, ಮಾರ್ಚ್ ಹದಿನಾಲ್ಕರಂದು, ಪೊಲೀಸರ ಲಾರಿ ನೇರ ಗಿರಣಿಗೇ ಬಂತು. ಅದರಲ್ಲಿ ಹೋದ ಲಜಾರ್ ಮತ್ತೆ ಬರಲಿಲ್ಲ.

*

ಪೆಂಕೋನ ಗುಂಡಿಯ ಸುತ್ತ, ಪರವೂರ ಪಾದ್ರಿಯನ್ನು ಬಿಟ್ಟರೆ ಆರೇ ಜನ.

"ವೇಲಿಕಕ್ಕ ಎಲ್ಲಿ?" ಗುಂಡಿ ತೋಡಿದ ವರ್ಬಾನ್ ಕೇಳಿದ.

"ಸಾವಿಗೆ ಹಂಚೋ ಗೋಧಿ ಇನ್ನೂ ಒಲೆ ಮೇಲಿದೆಯಂತೆ," ಎಂದಳು ಡೋಬ್ರಿನಾ.

"ಪಾಪ, ರಾತ್ರಿಯೆಲ್ಲ ಹೆಣ ಕಾದಿದಾಳೆ. ಪೆಂಕಣ್ಣ ಇದ್ದಿದ್ರೆ ಕಚೇರಿಯ ಜನಸಂಖ್ಯೆ ಹಲಗೆ ಮೇಲೆ ಎಂಟು ಅಳಿಸಿ ಏಳು ಬರೀತಿದ್ದ. ಈಗ ಅವನನ್ನ ಅಳಿಸೋರು ಯಾರು?"

ಪೆಂಕೋ ಬದುಕಿನಲ್ಲಿ ಮಾಡಿದ ಘನಕಾರ್ಯ ಅದೇ. ಯಾರು ಸತ್ತರೂ ಟೋಪಿ ತೆಗೆದು ಹಲಗೆಯ ಮುಂದೆ ಒಂದು ಗಳಿಗೆ ನಿಂತು, ಆಮೇಲೆ ಅಂಕಿ ತಿದ್ದುತ್ತಿದ್ದ. ಮಿಕ್ಕ ಹೊತ್ತು ವಿಧವೆಯರ ಅರ್ಜಿ ಬರೆದುಕೊಡುತ್ತಿದ್ದ, ಪ್ಲಮ್ ಹಣ್ಣಿನ ಸಾರಾಯಿ ಕಾಯಿಸುತ್ತಿದ್ದ.

"ಕಚೇರಿಗೆ ಒಂದಿನಾನೂ ಬೀಗ ಹಾಕ್ಲಿಲ್ಲ ಪುಣ್ಯಾತ್ಮ," ಎಂದ ವರ್ಬಾನ್. "ಯಾರಿಗಾದ್ರೂ ಏನಾದ್ರೂ ಬೇಕಾಗುತ್ತೆ ಅಂತಿದ್ದ."

ಡೋಬ್ರಿನಾ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಒಬ್ಬೊಬ್ಬರೂ ಹಿಡಿ ಮಣ್ಣು ಹಾಕಿ "ದೇವರು ಕ್ಷಮಿಸಲಿ" ಎಂದರು. ಅವಳ ಸರದಿ ಬಂತು. ಮಣ್ಣು ತೆಗೆದುಕೊಂಡಳು, ಮುಷ್ಟಿ ಬಿಚ್ಚಲಿಲ್ಲ.

"ಅಂದ್ಬಿಡಕ್ಕ. ಸತ್ತೋನ ಮೇಲೆಂಥ ಹಠ?"

"ದೇವರಿಗೆ ಬೇರೆ ಕೆಲಸ ಇಲ್ವಾ?"

ಮಣ್ಣನ್ನು ಕೋಟಿನ ಜೇಬಿಗೆ ಸುರಿದುಕೊಂಡಳು. ಪಾದ್ರಿ ಕೆಮ್ಮಿ, ಪ್ರಾರ್ಥನೆಯನ್ನು ಅವಸರವಸರವಾಗಿ ಮುಗಿಸಿದ.

ವಾಪಸು ಬರುವಾಗ ಬಸ್ ನಿಲ್ದಾಣದ ಹತ್ತಿರ ಎಲ್ಲರ ಕಾಲೂ ನಿಂತವು. ಪೆಂಕೋನ ಪಕ್ಕದಲ್ಲಿ ಲಜಾರನಿದ್ದ. ಅಂಟು ಇನ್ನೂ ಗೋಡೆಯ ಮೇಲೆ ಇಳಿಯುತ್ತಿತ್ತು.

ವರ್ಬಾನ್ ಬೆರಳಿಟ್ಟು ನೋಡಿದ. "ಈಗಷ್ಟೇ ಅಂಟ್ಸಿದಾರೆ! ಆದ್ರೆ ನಾವೆಲ್ಲ ಅಲ್ಲೇ ಇದ್ವಲ್ಲ?"

ಡೋಬ್ರಿನಾ ಮನಸ್ಸಿನಲ್ಲೇ ಎಣಿಸಿದಳು. ಗುಂಡಿಯ ಸುತ್ತ ಆರು, ಗುಂಡಿಯೊಳಗೆ ಒಂದು.

ಪೆಂಕೋನ ಮನೆಯ ಗೇಟಿನಲ್ಲಿ ವೇಲಿಕಾ ಸಕ್ಕರೆ ಬೆರೆಸಿದ ಗೋಧಿಯ ಬಟ್ಟಲು ಹಿಡಿದು ನಿಂತಿದ್ದಳು.

"ಗೋಧಿ ಬೇಯ್ಲೇ ಇಲ್ಲ ಕಣೇ, ಅದಕ್ಕೇ ಬರಕ್ಕಾಗ್ಲಿಲ್ಲ," ಎಂದು ಡೋಬ್ರಿನಾಳ ಅಂಗೈಗೆ ಒಂದು ಚಮಚ ಹಾಕಿದಳು.

ಗೋಧಿ ತಣ್ಣಗಿತ್ತು. ವೇಲಿಕಾಳ ಬೆರಳುಗಳ ಮೇಲೆ ಹಿಟ್ಟಿನ ಅಂಟು ಒಣಗಿ ಬಿರುಕು ಬಿಟ್ಟಿತ್ತು. ಅರವತ್ತು ವರ್ಷ ತನಗೆ ಬ್ರೆಡ್ ಸುಟ್ಟುಕೊಟ್ಟ ಬೆರಳುಗಳು.

"ತಿನ್ನೋಕ್ ಮುಂಚೆ ಹೇಳ್ಬೇಕಲ್ವೇನೇ," ಎಂದಳು ವೇಲಿಕಾ. "ದೇವರು ಕ್ಷಮಿಸಲಿ ಅಂತ."

"ಯಾರನ್ನ?"

ಚಮಚ ಬಟ್ಟಲಿನ ಅಂಚಿಗೆ ಬಡಿಯಿತು. ವೇಲಿಕಾ ತಲೆ ಎತ್ತಲಿಲ್ಲ.

"ಯಾರನ್ನ ಕ್ಷಮಿಸ್ಲಿ, ವೇಲಿಕಾ?"

ವೇಲಿಕಾ ಅಂಟು ಹತ್ತಿದ ಬೆರಳುಗಳನ್ನು ಬಟ್ಟಲಿನಡಿ ಮರೆಮಾಡಿದಳು. ಡೋಬ್ರಿನಾಗೆ ಸಿಟ್ಟಿಗಿಂತ ಮೊದಲು ನಾಚಿಕೆಯಾಯಿತು. ಗೋಧಿಯನ್ನು ಬಟ್ಟಲಿಗೇ ವಾಪಸು ಸುರಿದು ತಿರುಗಿ ನಡೆದಳು. ಒಂದು ಕೈ ಕೋಟಿನ ಜೇಬಿನಲ್ಲಿತ್ತು. ಪೆಂಕೋನ ಪಾಲಿನ ಮಣ್ಣನ್ನು ಒಂದು ಕಣವೂ ಚೆಲ್ಲದ ಹಾಗೆ ಬಿಗಿಯಾಗಿ ಹಿಡಿದುಕೊಂಡು ಸ್ಮಶಾನದ ಏರು ಹತ್ತತೊಡಗಿದಳು.