ಸ್ಕ್ರೀನಿಗೆ ಇಟ್ಟ ಕ್ಯಾಲಿಪರ್

ದಪ್ಪ ಅಳೆಯುವ ಕ್ಯಾಲಿಪರ್ ಲೇತಿನ ಪಕ್ಕದ ಮಣೆಯ ಮೇಲೆ ಎರಡು ಕಾಲು ಅಗಲಿಸಿಕೊಂಡು ಬಿದ್ದಿತ್ತು. ಅದು ದಿನಾ ಬೀಳುವ ಜಾಗವೇ. ಆದರೆ ಆ ಎರಡು ಕಾಲಿನ ನಡುವಿನ ಸಂದು ನೋಡಿ ನಿಖಾತ್ ಬಾಗಿಲಲ್ಲೇ ನಿಂತುಬಿಟ್ಟಳು.

ಅವಳ ತಂದೆ ಸನಾವುಲ್ಲಾ ಚನ್ನಪಟ್ಟಣದಲ್ಲಿ ನಲವತ್ತು ವರ್ಷದಿಂದ ಲೇತಿನಲ್ಲಿ ಬೊಂಬೆ ತಿರುವುತ್ತ ಬಂದವರು. ಕೆಲಸ ಮುಗಿದ ಮೇಲೂ ಕ್ಯಾಲಿಪರನ್ನು ಮುಚ್ಚುವ ಅಭ್ಯಾಸ ಅವರಿಗಿಲ್ಲ. ಮುಂದಿನ ಕೆಲಸ ಶುರುವಾಗುವ ತನಕ ಅದು ಹಿಂದಿನ ಅಳತೆಯಲ್ಲೇ ಇರಬೇಕು. ಒಂದು ಪೀಸು ಬಿರುಕು ಬಿಟ್ಟರೆ ಅದೇ ಅಳತೆಗೆ ಇನ್ನೊಂದು ತಿರುವಬೇಕಲ್ಲ, ಅದಕ್ಕೆ. ಮನೆಯಲ್ಲಿ ಯಾರೂ ಅದನ್ನು ಮುಟ್ಟುವ ಹಾಗಿರಲಿಲ್ಲ.

ನಿಖಾತ್ ಮುಟ್ಟಲಿಲ್ಲ. ಹೆಗಲ ಮೇಲಿನ ಬ್ಯಾಗನ್ನೂ ಇಳಿಸದೆ, ಗೂಡಿನಲ್ಲಿದ್ದ ಸ್ಟೀಲ್ ಸ್ಕೇಲ್ ತಂದು ಕುಕ್ಕರಗಾಲಲ್ಲಿ ಕೂತು ಆ ಸಂದಿಗೆ ಹಿಡಿದಳು. ಇಪ್ಪತ್ತೈದು ಎಂಎಂ. ಕಣ್ಣುಜ್ಜಿಕೊಂಡು ಇನ್ನೊಂದು ಸಲ ಹಿಡಿದಳು. ಇಪ್ಪತ್ತೈದೇ. ಈ ಆರ್ಡರಿಗೆಂದು ಅವಳು ಮಾಡಿಕೊಟ್ಟಿದ್ದ ಡ್ರಾಯಿಂಗಿನಲ್ಲಿ ಬರೆದಿದ್ದು ಐವತ್ತು.

ನಿಂಬೆಹಣ್ಣಿನಷ್ಟು ದಪ್ಪ ಬರಬೇಕಿದ್ದ ಮರದ ಗುಂಡುಗಳು ನೆಲ್ಲಿಕಾಯಿಯಷ್ಟು ಬಂದಿವೆ. ಒಂದಲ್ಲ, ಎರಡಲ್ಲ, ಅರವತ್ತು. ಅರವತ್ತೂ ನಿನ್ನೆಯೇ ಡಬ್ಬಿ ಸೇರಿ, ಟೇಪು ಸುತ್ತಿಸಿಕೊಂಡು, ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಹೋಗಿಬಿಟ್ಟಿವೆ. ಅಲ್ಲಿ ಕೆಲಸ ಮಾಡುವ ಹೆಂಗಸರ ಮಕ್ಕಳನ್ನು ನೋಡಿಕೊಳ್ಳುವ ಶಿಶುವಿಹಾರಕ್ಕೆ. ಒಂದು ವರ್ಷದಿಂದ ಮೂರು ವರ್ಷದ ಮಕ್ಕಳು, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವ ವಯಸ್ಸಿನವು. ಆರ್ಡರ್ ಕೊಡುವಾಗ ಅಲ್ಲಿನ ಮೇಡಂ ಲತಾಮಣಿ ಬಣ್ಣದ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಹಲಗೆಯ ಮೇಲೆ ಉರುಳಬೇಕು, ಯಾವ ಮಗುವಿನ ಬಾಯೊಳಗೂ ಹೋಗಬಾರದು, ಅಷ್ಟು ದಪ್ಪ ಇರಲಿ, ಅಂದಿದ್ದರು. ಬುಧವಾರ ಹತ್ತು ಗಂಟೆಗೆ ಮಕ್ಕಳ ಕೈಗೆ ಕೊಡುತ್ತೇವೆ ಅಂತಲೂ ಹೇಳಿದ್ದರು.

ಇವತ್ತು ಬುಧವಾರ. ಗಡಿಯಾರದಲ್ಲಿ ಎಂಟು ಹತ್ತು.

ಮನೆಯಲ್ಲಿ ಕೇಳೋಣವೆಂದರೆ ಒಂದು ನರಪಿಳ್ಳೆ ಇಲ್ಲ. ಅಕ್ಕ ಅನೀಸಾಳ ಬಾಣಂತನಕ್ಕೆ ಅಂತ ನಿಖಾತ್ ಮತ್ತು ಅವಳ ಅಮ್ಮಿ ಎಂಟು ದಿನದ ಹಿಂದೆ ಮಾಗಡಿಗೆ ಹೋಗಿದ್ದರು. ಅಮ್ಮಿ ಇನ್ನೂ ಅಲ್ಲೇ. ನಿಖಾತ್ ಈಗತಾನೇ ಮೊದಲ ಬಸ್ಸಿಗೆ ವಾಪಸ್ಸು ಬಂದು, ಪಕ್ಕದ ಮನೆಯಿಂದ ಬೀಗದಕೈ ಇಸಿದುಕೊಂಡು ಬಾಗಿಲು ತೆಗೆದಿದ್ದಳು. ಅಬ್ಬಾ ಬೆಳಿಗ್ಗೆಯೇ ಕೂಟಗಲ್ ಕಡೆ ಬೊಂಬೆಗೆ ಬೇಕಾದ ಆಲೆಮರ ನೋಡಲು ಹೋದರು ಅಂತ ಪಕ್ಕದ ಮನೆಯವರು ಹೇಳಿದರು. ಫೋನ್ ಮಾಡಿದಳು. ರಿಂಗಾಯಿತು, ರಿಂಗಾಯಿತು, ನಿಂತುಹೋಯಿತು. ಹೊಲ ತೋಟ ಸುತ್ತುವಾಗ ಆ ಮನುಷ್ಯ ಫೋನನ್ನು ಸ್ಕೂಟರಿನ ಡಿಕ್ಕಿಯಲ್ಲಿಟ್ಟು ಹೋಗುವವರು. ಫೋನ್ ಇರುವುದಾದರೂ ಯಾಕೆ ಅಂತ ಕೇಳಿದರೆ ನಗುತ್ತಾರೆ.

ಲತಾಮಣಿ ಮೇಡಂ ಫೋನ್ ಸ್ವಿಚ್ ಆಫ್. ಆ ಫ್ಯಾಕ್ಟರಿಯಲ್ಲಿ ಎಲ್ಲರೂ ಗೇಟಿನಲ್ಲೇ ಫೋನ್ ಇಟ್ಟು ಒಳಗೆ ಹೋಗಬೇಕು. ಅಲ್ಲಿನ ಬೇರೆ ನಂಬರ್ ಇವಳ ಹತ್ತಿರ ಇಲ್ಲ. ಗುಂಡು ಚಿಕ್ಕದಾಗಿವೆ, ಮಕ್ಕಳ ಕೈಗೆ ಕೊಡಬೇಡಿ ಅಂತ ವಾಟ್ಸಾಪಿನಲ್ಲಿ ಮೂರು ಸಲ ಬರೆದಳು. ಮೂರಕ್ಕೂ ಒಂದೊಂದೇ ಟಿಕ್ಕು ಬಿತ್ತು. ಇನ್ನು ಇಲ್ಲಿ ಕೂತು ಮಾಡುವುದೇನಿದೆ? ಅದೇ ಬ್ಯಾಗು, ಅದೇ ಚಪ್ಪಲಿ, ಬಾಗಿಲಿಗೆ ಬೀಗ ಜಡಿದು ಬಸ್ ಸ್ಟ್ಯಾಂಡಿಗೆ ಓಡಿದಳು.

ರಾಮನಗರದ ಬಸ್ಸು ಸಿಕ್ಕಿತು. ಆಧಾರ್ ಕಾರ್ಡ್ ತೋರಿಸಿ ಟಿಕೆಟ್ ತಗೊಂಡು ಕಿಟಕಿ ಪಕ್ಕ ಕೂತಳು. ಮೊದಲು ಅಬ್ಬಾನ ಮೇಲೆ ಸಿಟ್ಟು ಬಂತು. ಐವತ್ತು ಅಂತ ಬರೆದಿದ್ದೇನಲ್ಲ, ಪಕ್ಕದಲ್ಲೇ ಬರೆದಿದ್ದೇನಲ್ಲ! ಆಮೇಲೆ ಇಪ್ಪತ್ತೈದು ಎಲ್ಲಿಂದ ಬಂತು ಅಂತ ಯೋಚಿಸಿದಳು. ಐವತ್ತರ ಸರಿಯಾಗಿ ಅರ್ಧ. ಬಸ್ಸು ರೈಲ್ವೆ ಸ್ಟೇಷನ್ ದಾಟುವಷ್ಟರಲ್ಲಿ ಅದು ಹೊಳೆಯಿತು.

ಲ್ಯಾಪ್‌ಟಾಪು.

ಈ ಕಥೆಯಲ್ಲಿ ಮತೀನ್ ಅಂತ ಒಬ್ಬನಿದ್ದಾನೆ. ಕಂಪ್ಯೂಟರ್ ರಿಪೇರಿ ಅಂಗಡಿಯವನು, ನಿಖಾತಳ ಚಿಕ್ಕಪ್ಪನ ಮಗ. ಕೇಳಿದ್ದಕ್ಕೆ ಒಂದು ಹೇಳಿದರೆ ಕೇಳದೆ ಇದ್ದದ್ದಕ್ಕೆ ಹತ್ತು ಹೇಳುವ ಆಸಾಮಿ. ನಿಖಾತಳಿಗೆ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪು ಕೊಡಿಸಿದ್ದು ಅವನೇ. ಒಳ್ಳೆಯ ಸ್ಕ್ರೀನು, ಅಂಗೈಯಗಲದಲ್ಲಿ ಸಾವಿರಾರು ಚುಕ್ಕಿ. ಅದನ್ನು ಎರಡರಷ್ಟು ದೊಡ್ಡದಾಗಿ ಕಾಣುವ ಹಾಗೆ ಸೆಟ್ ಮಾಡಿ ಕೊಟ್ಟಿದ್ದ. ನಾಲ್ಕು ತಿಂಗಳು ಹಾಗೇ ಓಡಿತು.

ಸನಾವುಲ್ಲಾ ಆ ಸ್ಕ್ರೀನಿಗೆ ಹೊಂದಿಕೊಂಡ ರೀತಿಯೇ ಬೇರೆ. ಜೀವಮಾನವೆಲ್ಲ ಅವರು ಕಾಗದ ನೋಡಿ ಕೆಲಸ ಮಾಡಿದವರಲ್ಲ. ವ್ಯಾಪಾರಿ ಒಂದು ಮಾದರಿ ಪೀಸು ತಂದು ಕೊಡುತ್ತಿದ್ದ. ಇವರು ಅದಕ್ಕೆ ಕ್ಯಾಲಿಪರ್ ಇಟ್ಟು ಅಳತೆ ಹಿಡಿದು, ಅದೇ ಅಳತೆಗೆ ಮರ ತಿರುವಿ, ಅರಗಿನ ಬಣ್ಣ ಹಚ್ಚಿ ಕೊಡುತ್ತಿದ್ದರು. ಸ್ಕ್ರೀನು ಬಂದ ಮೇಲೆ ಸ್ಕ್ರೀನೇ ಅವರ ಮಾದರಿಯಾಯಿತು. ಚಿತ್ರದ ಮೇಲೆ ಕ್ಯಾಲಿಪರ್ ಇಡುವುದು, ಪಕ್ಕದ ಅಂಕಿ ನೋಡುವುದು, ಎರಡೂ ತಾಳೆಯಾದರೆ ತಲೆಯಾಡಿಸಿ ಎದ್ದು ಹೋಗುವುದು. ಗಾಜಿನ ಮೇಲೆಲ್ಲ ಗೀರು ಬಿದ್ದವು. ನಿಖಾತ್ ಬೈದಳು, ಮುದ್ದಿನಿಂದಲೇ ಬೈದಳು. ಕೊನೆಗೆ ಅವಳೇ ಸ್ಕ್ರೀನಿಗೆ ಸ್ಕೇಲ್ ಹಿಡಿದು, ಒಂದು ಸೆಂಟಿಮೀಟರ್ ಅಂದರೆ ಗಾಜಿನ ಮೇಲೂ ಒಂದು ಸೆಂಟಿಮೀಟರ್ ಬರುವ ಹಾಗೆ ಸರಿಮಾಡಿ ಕೊಟ್ಟಿದ್ದಳು.

ಒಂಬತ್ತು ದಿನದ ಹಿಂದೆ ಚಾರ್ಜರ್ ಕೊಡಲು ಬಂದ ಮತೀನ್, ತಾನೇ ಹಾಗೆ ಸೆಟ್ ಮಾಡಿದ್ದನ್ನು ಮರೆತು, ಸ್ಕ್ರೀನ್ ನೋಡಿ ಹಲ್ಲು ಕಿರಿದ. ಇಷ್ಟು ಚುಕ್ಕಿ ಇಟ್ಟುಕೊಂಡು ಅರ್ಧಕ್ಕೇ ಓಡಿಸುತ್ತಿದ್ದೀಯಲ್ಲ, ಫುಲ್ ರೆಸಲ್ಯೂಶನ್ನಿಗೆ ಹಾಕಿ ನೋಡು, ಆಮೇಲೆ ಹೇಳು ಅಂದ. ಹಾಕಿ ನೋಡಿದಳು. ಅಬ್ಬಬ್ಬಾ, ಅದೇನು ಚೆಂದ! ಒಂದೊಂದು ಗೆರೆಯೂ ಕೂದಲೆಳೆಯ ಹಾಗೆ ನುಣ್ಣಗಾಯಿತು. ಮೊದಲು ಎಳೆದು ಎಳೆದು ನೋಡಬೇಕಿದ್ದ ಆರು ಡಿಸೈನೂ ಒಂದೇ ನೋಟಕ್ಕೆ ಸ್ಕ್ರೀನ್ ತುಂಬ ಬಂದು ಕೂತವು. ಅಕ್ಷರಗಳೆಲ್ಲ ಎಳ್ಳಿನಷ್ಟಾದವು ನಿಜ, ಆದರೆ ಅವಳದು ಇಪ್ಪತ್ತಾರು ವರ್ಷದ ಕಣ್ಣು. ಚಿತ್ರಗಳೂ ಅರ್ಧಕ್ಕೆ ಇಳಿದಿವೆ, ಹಿಂದೆ ಸ್ಕೇಲ್ ಹಿಡಿದು ಸರಿಮಾಡಿದ್ದು ಕೆಟ್ಟಿದೆ ಅನ್ನುವುದು ಆ ಖುಷಿಯಲ್ಲಿ ತಲೆಗೇ ಹೋಗಲಿಲ್ಲ. ಮಾರನೇ ದಿನ ಮಾಗಡಿಗೆ ಹೊರಡುವ ಗಡಿಬಿಡಿಯಲ್ಲಿ ಗುಂಡುಗಳ ಡ್ರಾಯಿಂಗ್ ತೆರೆದಿಟ್ಟು, ಡಬ್ಬಿಯ ಮೇಲೆ ಅಂಟಿಸಲು ಅರವತ್ತು ಅಂತ ಚೀಟಿಯನ್ನೂ ಬರೆದಿಟ್ಟು, ಅಬ್ಬಾನನ್ನು ಕರೆದು ತೋರಿಸಿದ್ದಳು.

ಕಾಣುತ್ತಾ ಅಂತ ಕೇಳಿದ್ದಳು ಕೂಡ. ಅವರು ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದ್ದರು.

“ಸಾಫ್ ಐತೆ ಬೇಟಾ,” ಅಂದಿದ್ದರು.

ರಾಮನಗರದಲ್ಲಿ ಇಳಿದು ಕನಕಪುರದ ಬಸ್ಸಿಗೆ ಕಾಯುವಾಗ ಒಂಬತ್ತು ದಾಟಿತ್ತು. ಬಸ್ಸು ತುಂಬುವ ತನಕ ಡ್ರೈವರ್ ಟೀ ಕುಡಿಯುತ್ತ ನಿಂತಿದ್ದ. ಇವಳಿಗೆ ಅವನ ಕೈಯಿಂದ ಲೋಟ ಕಿತ್ತು ಬಿಸಾಡುವಷ್ಟು ಕೋಪ. ಹೋಗಲಿ ಬಿಡು, ಆಯಾ ಇರುತ್ತಾಳೆ, ಚಿಕ್ಕದಾಗಿದೆ ಅಂತ ಅವಳೇ ಎತ್ತಿಡುತ್ತಾಳೆ ಅಂತ ಒಂದು ಸಲ ಸಮಾಧಾನ ಮಾಡಿಕೊಂಡಳು. ಮರುಕ್ಷಣ, ನಲವತ್ತು ಮಕ್ಕಳ ನಡುವೆ ಒಬ್ಬ ಆಯಾ ಎಷ್ಟು ಬಾಯಿ ಕಾಯುತ್ತಾಳೆ ಅನ್ನಿಸಿತು. ದಾರಿಯುದ್ದಕ್ಕೂ ಹೀಗೇ ಆಯಿತು. ಅನೀಸಾಳ ಹಸುಗೂಸಿನ ಪುಟ್ಟ ಬಾಯಿ ಕಣ್ಣ ಮುಂದೆ ಬರುತ್ತಿತ್ತು, ಇವಳು ತಲೆ ಕೊಡವುತ್ತಿದ್ದಳು. ಅಬ್ಬಾನಿಗೆ ಮತ್ತೆ ಆರು ಸಲ ಫೋನ್ ಮಾಡಿದಳು. ಕನಕಪುರ ಮುಟ್ಟಿದಾಗ ಹತ್ತೂಕಾಲು. ಅಷ್ಟು ಹೊತ್ತಿಗೆ ಡಬ್ಬಿ ಒಡೆದಿರುತ್ತಾರೆ ಅಂತ ಅವಳಿಗೆ ಖಾತ್ರಿಯಾಯಿತು. ಅಲ್ಲಾನ ಹೆಸರು ಹೇಳಿಕೊಂಡೇ ಹಾರೋಹಳ್ಳಿಯ ಬಸ್ಸು ಹತ್ತಿದಳು.

ಫ್ಯಾಕ್ಟರಿ ಗೇಟಿನ ಸೆಕ್ಯುರಿಟಿಯವನು ಹೆಸರು ಬರಿ, ಊರು ಬರಿ, ಯಾರನ್ನು ನೋಡಬೇಕು ಬರಿ ಅಂತ ರಿಜಿಸ್ಟರ್ ತಳ್ಳಿದ. ಮಕ್ಕಳ ಜೀವದ ವಿಷಯ ಅಂದಾಗ ಅವನ ಮುಖದ ಬಣ್ಣ ಬದಲಾಯಿತು. ಫೋನ್ ಕೇಳುವುದನ್ನೂ ಮರೆತು ಅವನೇ ಮುಂದೆ ಮುಂದೆ ಓಡಿ ಶಿಶುವಿಹಾರದ ಬಾಗಿಲು ತೋರಿಸಿದ.

ಒಳಗೆ ಕೇಕೆಯೋ ಕೇಕೆ. ಕೆಂಪು, ಹಳದಿ, ಹಸಿರು ಪಟ್ಟೆಯ ಗುಂಡುಗಳು ಹಲಗೆಯಿಂದ ಉರುಳಿ ಚಾಪೆಯ ಮೇಲೆಲ್ಲ ಓಡಾಡುತ್ತಿದ್ದವು. ಮಕ್ಕಳು ಅವುಗಳ ಹಿಂದೆ ಅಂಬೆಗಾಲಿಡುತ್ತಿದ್ದವು. ಆಯಾ ಸರಸಮ್ಮ, ಉಯ್ಯಂಬಳ್ಳಿ ಕಡೆಯ ಹೆಂಗಸು, ಗೋಡೆಗೊರಗಿ ನಗುತ್ತ ಕೂತಿದ್ದಳು. ನಿಖಾತ್ ಒಂದು ಮಾತೂ ಆಡದೆ ಮಂಡಿಯೂರಿ, ಕೈಗೆ ಸಿಕ್ಕಿದ ಗುಂಡನ್ನೆಲ್ಲ ದುಪಟ್ಟಾದೊಳಗೆ ಬಾಚತೊಡಗಿದಳು. ಒಂದೆರಡು ಮಕ್ಕಳು ಕಿರುಚಿದವು. ಸರಸಮ್ಮ ದಡಬಡಿಸಿ ಎದ್ದು, ಯಾರವ್ವ ನೀನು, ಮಕ್ಕಳ ಕೈಯಿಂದ ಕಿತ್ಕೊಳ್ತಿದ್ದೀಯಲ್ಲ ಅಂತ ಜೋರು ಮಾಡಿದಳು. ಇವಳು ಬಿಡಿಬಿಡಿಯಾಗಿ ವಿಷಯ ಹೇಳಿದಳು. ಅರ್ಧ ಕೇಳುವಷ್ಟರಲ್ಲೇ ಸರಸಮ್ಮನೂ ನೆಲಕ್ಕೆ ಬಿದ್ದು ಹುಡುಕಲು ಶುರುಮಾಡಿದಳು.

ಚಾಪೆ ಮಡಚಿದರು, ತೊಟ್ಟಿಲುಗಳ ಕೆಳಗೆ ನೋಡಿದರು. ಸಿಕ್ಕಿದ್ದನ್ನೆಲ್ಲ ಡಬ್ಬಿಗೆ ಹಾಕಿ ಎಣಿಸಿದರು. ಐವತ್ತೊಂಬತ್ತು. ಕೆಳಗೆ ಸುರಿದು ಮತ್ತೆ ಎಣಿಸಿದರು. ಐವತ್ತೊಂಬತ್ತು. ಡಬ್ಬಿಯ ಮೇಲೆ ಅವಳದೇ ಕೈಬರಹದ ಚೀಟಿ, ಅರವತ್ತು.

ಮೂಲೆಯಲ್ಲಿ ಚೈತ್ರಾ ಅನ್ನುವ ಒಂದೂವರೆ ವರ್ಷದ ಕೂಸು ತುಟಿ ಬಿಗಿಹಿಡಿದು ಕೂತಿತ್ತು, ಕೆನ್ನೆ ಒಂದು ಕಡೆ ಉಬ್ಬಿತ್ತು. ನಿಖಾತ್ ಒಂದೇ ನೆಗೆತಕ್ಕೆ ಅಲ್ಲಿಗೆ ಹೋದಳು. ಕೂಸನ್ನು ಸೆಳೆದು ಬಾಯಿಗೆ ಬೆರಳು ಹಾಕಿದಳು. ನೆನೆದ ಬಿಸ್ಕತ್ತು. ಕೂಸು ಬೆರಳು ಕಚ್ಚಿ, ಗೋಳೋ ಎಂದು ಅತ್ತಿತು. ಅಳುವುದನ್ನು ಕೇಳಿ ಇವಳಿಗೆ ಒಸಿ ಉಸಿರು ಬಂತು. ಆದರೂ ಒಂದು ಗುಂಡು ಇಲ್ಲ ತಾನೇ? ಹತ್ತೂವರೆಗೆ ಇಬ್ಬರು ತಾಯಂದಿರು ಬಂದು ಹಾಲು ಕುಡಿಸಲು ತಮ್ಮ ಮಕ್ಕಳನ್ನು ಆಚೆ ಕೋಣೆಗೆ ಎತ್ತಿಕೊಂಡು ಹೋಗಿದ್ದು ಸರಸಮ್ಮನಿಗೆ ನೆನಪಾಯಿತು. ಸೀರೆ ಎತ್ತಿ ಸಿಕ್ಕಿಸಿಕೊಂಡು ಅತ್ತ ಓಡಿದಳು. ನಿಖಾತ್ ಉಳಿದ ಒಂದೊಂದು ಮಗುವಿನ ಬಾಯಿಯನ್ನೂ ತೆರೆಸಿ ನೋಡುತ್ತ ಹೋದಳು.

ಸರಸಮ್ಮ ಬೆವರು ಒರೆಸಿಕೊಳ್ಳುತ್ತ ವಾಪಸ್ಸು ಬಂದು ಇಲ್ಲ ಎಂದು ತಲೆಯಾಡಿಸಿದಳು. ಆ ಎರಡು ಕೂಸುಗಳು ಚೆನ್ನಾಗಿವೆ, ಅವುಗಳ ಹತ್ತಿರವೂ ಗುಂಡಿಲ್ಲ. ಹಾಗಾದರೆ ಯಾವುದೋ ಮಗು ಆಗಲೇ ನುಂಗಿದೆಯಾ? ಎಲ್ಲರನ್ನೂ ಆಸ್ಪತ್ರೆಗೆ ಸಾಗಿಸಬೇಕಾ? ನಲವತ್ತು ಮಕ್ಕಳ ತಾಯಂದಿರನ್ನು ಹೊಲಿಗೆ ಮೆಷಿನ್ನಿನಿಂದ ಎಬ್ಬಿಸಿ ಏನಂತ ಹೇಳಬೇಕು? ಲತಾಮಣಿ ಮೇಡಮ್ಮನ್ನು ಕರೆಸಿ ಅಂತ ಹೇಳಲು ಬಾಯಿ ತೆರೆದಾಗ ಬ್ಯಾಗಿನಲ್ಲಿದ್ದ ಫೋನು ಹೊಡೆದುಕೊಂಡಿತು. ಅಬ್ಬಾ.

ಏಳು ಮಿಸ್ ಕಾಲ್ ನೋಡಿ ಗಾಬರಿಯಾಗಿದ್ದರು. ಮಾಗಡಿಯಲ್ಲಿ ಮಗು ಹುಷಾರಾಗಿದೆಯಾ ಅಂತ ಮೊದಲು ಕೇಳಿದರು. ನಿಖಾತ್ ಅದಕ್ಕೆ ಉತ್ತರ ಕೊಡಲಿಲ್ಲ. ಗುಂಡುಗಳು ಅರ್ಧ ಗಾತ್ರಕ್ಕೆ ಬಂದಿವೆ, ಹಾರೋಹಳ್ಳಿಗೆ ಬಂದಿದ್ದೇನೆ, ಮಕ್ಕಳ ಕೈಗೆ ಕೊಟ್ಟುಬಿಟ್ಟಿದ್ದಾರೆ ಅಂತ ಒಂದೇ ಉಸಿರಿಗೆ ಹೇಳಿದಳು.

“ಐವತ್ತೊಂಬತ್ತೇ ಐತೆ ಅಬ್ಬಾ. ಒಂದು ಸಿಗ್ತಿಲ್ಲ.”

ಆ ಕಡೆ ಗಾಳಿಯ ಸದ್ದು. ಆಮೇಲೆ ಅವರ ದನಿ ಬಂತು, ತೀರ ಸಣ್ಣಗೆ.

“ಅದು ನನ್ ಜೇಬಲ್ಲೈತೆ.”

ನಿಖಾತ್ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಅಳು ಬಂತು, ಕೋಪವೂ ಬಂತು, ಯಾವುದು ಮೊದಲು ಅಂತ ಅವಳಿಗೇ ತಿಳಿಯಲಿಲ್ಲ. ಯಾಕೆ ಇಟ್ಟುಕೊಂಡಿರಿ ಅಂತ ಕೇಳಿದಳು.

“ತಿರುವ್ತಾ ತಿರುವ್ತಾನೇ ಕೈಗೆ ಚಿಕ್ದು ಅನ್ನಿಸ್ತು. ನೀನು ಬಂದ್ಮೇಲೆ ಕೇಳಾನ ಅಂತ ಒಂದು ಎತ್ತಿಟ್ಕೊಂಡೆ. ಅಷ್ಟೊತ್ಗೆ ಗಾಡಿ ಬಂದ್ಬುಡ್ತು.”

“ಫೋನಲ್ಲಿ ಕೇಳ್ಬೌದಿತ್ತಲ್ಲ. ಎಂಟು ದಿನ ಇತ್ತಲ್ಲ ಅಬ್ಬಾ.”

ಆ ಕಡೆ ಸ್ಕೂಟರಿನ ಡಿಕ್ಕಿ ಮುಚ್ಚಿದ ಸದ್ದು ಕೇಳಿತು.

“ಕೇಳಿದ್ರೆ, ಪಕ್ದಲ್ಲೇ ನಂಬರ್ ಬರ್ದಿವ್ನಿ ನೋಡು ಅಂತಿದ್ದೆ ನೀನು,” ಅಂದರು ಸನಾವುಲ್ಲಾ.

ಅಂತಿದ್ದಳು, ಖಂಡಿತ ಅಂತಿದ್ದಳು. ಬೆಳಿಗ್ಗೆ ಬಸ್ಸಿನಲ್ಲಿ ಅದನ್ನೇ ತಾನೇ ಮನಸ್ಸಿನಲ್ಲಿ ಅಂದುಕೊಂಡಿದ್ದು. ಗಾಜಿಗೆ ಮೂಗು ತಾಗಿಸಿ ಬಗ್ಗಿದ್ದ ಆ ಬಿಳಿ ತಲೆಯನ್ನು ಪಕ್ಕದಲ್ಲೇ ನಿಂತು ನೋಡಿದ್ದಳು, ನೋಡಿಯೂ ನೋಡಿರಲಿಲ್ಲ.

ಸಂಜೆ ಬತ್ತೀನಿ, ಇಬ್ಬರೂ ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ ಅಂತ ಹೇಳಿ ಫೋನ್ ಇಟ್ಟಳು. ಸರಸಮ್ಮ ಅಳುವ ಚೈತ್ರಾಳನ್ನು ಸೊಂಟಕ್ಕೆ ಏರಿಸಿಕೊಂಡು ಎದುರಿಗೆ ನಿಂತಿದ್ದಳು.

“ಸಿಕ್ತಾ ಮಗ?”

“ಸಿಕ್ತು.”

“ಎಲ್ಲಿತ್ತು?”

“ನಮ್ಮನೇಲೇ,” ಅಂದಳು ನಿಖಾತ್, ಡಬ್ಬಿಯ ಮುಚ್ಚಳ ಹಾಕುತ್ತ.